ಮಾವಿನ ಹಣ್ಣಿನಲ್ಲಿ ಸಮಪಾಲು ಕೇಳಿದ ಹುಡುಗಿ

ಆ ಹುಡುಗಿಗೆ ಯಾವ ಬಟ್ಟೆ ತೊಡಿಸಬೇಕು ಎಂಬುದೇ ದೊಡ್ಡ ಚರ್ಚೆಯಾಗಿತ್ತು. ಸೀರೆ ಉಡಿಸಿದರೆ ಪಾಕಿಸ್ತಾನದ ಮಕ್ಕಳು ಇವಳು ನಮ್ಮವಳಲ್ಲ ಅನ್ನುತ್ತಾರೆ. ಸಲ್ವಾರ್ ಕಮೀಜ್ ತೊಡಿಸಿದರೆ ಬೇರೆ ಕಡೆಯವರಿಗೆ ಒಗ್ಗುವುದಿಲ್ಲ. ಭಾರತ, ಬಾಂಗ್ಲಾದೇಶ, ನೇಪಾಳ, ಪಾಕಿಸ್ತಾನ ಈ ನಾಲ್ಕೂ ದೇಶದ ಹಳ್ಳಿಯ ಮಗು ಅವಳನ್ನು ಕಂಡು ‘ಇವಳು ನಮ್ಮ ಓಣಿಯ ಹುಡುಗಿ’ ಅನ್ನಬೇಕು. ಚಿತ್ರಕಾರರು ಬಗೆಬಗೆಯ ಮುಖ, ಬಗೆಬಗೆಯ ಉಡುಪು ಬರೆದರು. ಬರೆದದ್ದನ್ನು ಹಳ್ಳಿಗಳಿಗೆ ಒಯ್ದು ಮಕ್ಕಳ ಮುಂದೆ ಹರಡಿದರು. ಕೊನೆಗೆ ಗೆದ್ದದ್ದು ಕೆಂಪು ಲಂಗ, ಗುಲಾಬಿ ರವಿಕೆ. ನಮ್ಮ ಸಿಂಧನೂರು, ಮಸ್ಕಿ ಕಡೆಯ ಅಜ್ಜಿಯರ ಮಾತಿನಲ್ಲಿ ಹೇಳುವುದಾದರೆ ಪರಕಾರ, ಪೋಲಕ. ಹೆಸರೂ ಹಾಗೇ, ಯಾವ ದೇಶದಲ್ಲೂ ಪರಕೀಯ ಅನ್ನಿಸದ ಹೆಸರು: ಮೀನಾ.

ನಲವತ್ತು ದಾಟಿದವರಲ್ಲಿ ಕೆಲವರಿಗಾದರೂ ದೂರದರ್ಶನದಲ್ಲಿ ಈ ಕಾರ್ಟೂನ್ ಹುಡುಗಿಯನ್ನು ಕಂಡ ನೆನಪಿರಬಹುದು. ಜೊತೆಗೆ ತಮ್ಮ ರಾಜು, ಹೆಗಲ ಮೇಲೆ ಮಿಟ್ಟು ಎಂಬ ಗಿಳಿ. ಇಂದು ನಮ್ಮ ಮಕ್ಕಳು ನೋಡುವ ಕಾರ್ಟೂನುಗಳ ಹಿಂದೆಯೂ ಹಲವು ದೇಶಗಳ ಹಣ, ಹಲವು ದೇಶಗಳ ಕೈಕೆಲಸ ಇರುತ್ತದೆ. ನಮ್ಮ ನೆರೆಯ ಹೈದರಾಬಾದಿನ ಡಿಕ್ಯೂ ಎಂಟರ್‌ಟೇನ್‌ಮೆಂಟ್ ಕಂಪನಿ ಫ್ರಾನ್ಸ್, ಜರ್ಮನಿಯ ಪಾಲುದಾರರ ಜೊತೆ ಸೇರಿ ‘ಜಂಗಲ್ ಬುಕ್’ ಸರಣಿ ಮಾಡಿತು. ಬೆಂಗಳೂರಿನ ಟೆಕ್ನಿಕಲರ್ ಸ್ಟುಡಿಯೊದಲ್ಲಿ ಅಮೆರಿಕದ ಟಿವಿಗಾಗಿ ಪೆಂಗ್ವಿನ್‌ಗಳೂ ಪಾಂಡಾಗಳೂ ಕುಣಿದವು. ಆ ಸ್ಟುಡಿಯೊ 2025ರ ಫೆಬ್ರುವರಿಯಲ್ಲಿ ಬಾಗಿಲು ಹಾಕಿದ್ದು, ಸಾವಿರಾರು ಮಂದಿ ಒಮ್ಮೆಗೇ ಕೆಲಸ ಕಳೆದುಕೊಂಡದ್ದು ಪತ್ರಿಕೆ ಓದುವವರಿಗೆಲ್ಲ ಗೊತ್ತಿದೆ. ಅವೆಲ್ಲ ವ್ಯಾಪಾರದ ಜಂಟಿ ಕೆಲಸಗಳು. ಮೀನಾ ಹುಟ್ಟಿದ ಬಗೆ ಬೇರೆ. ಅವಳನ್ನು ಬರೆಯುವ ಮೊದಲು ಮಕ್ಕಳನ್ನು ಕೇಳಲಾಗಿತ್ತು.

ನಮ್ಮ ರಾಯಚೂರು ಜಿಲ್ಲೆಯ ಮಟ್ಟಿಗೆ ಇಂಥ ಮಕ್ಕಳ ಟಿವಿಯ ಕಥೆ ಮೀನಾ ಹುಟ್ಟುವುದಕ್ಕೂ ಹದಿನೈದು ವರ್ಷ ಹಿಂದೆ ಶುರುವಾಗುತ್ತದೆ. ಕನ್ನಡ ನಾಡಿಗೆ ಟಿವಿ ಬಂದದ್ದು ಬೆಂಗಳೂರಿನಿಂದ ಎಂದೇ ಬಹಳ ಜನ ತಿಳಿದಿದ್ದಾರೆ. ಬೆಂಗಳೂರು ದೂರದರ್ಶನ ಆರಂಭವಾದದ್ದು 1981ರಲ್ಲಿ. ಅದಕ್ಕೆ ಆರು ವರ್ಷ ಮೊದಲೇ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಕನ್ನಡ ಮಾತಾಡುವ ಟಿವಿ ಇತ್ತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಸರಿಯಾಗಿ ಒಂದು ವರ್ಷ ನಡೆದ ಆ ಉಪಗ್ರಹ ಟಿವಿ ಪ್ರಯೋಗದ ಹೆಸರು ‘ಸೈಟ್’. ಉಪಗ್ರಹ ಅಮೆರಿಕದ ನಾಸಾದ್ದು, ಎಟಿಎಸ್-6. ನೆಲದ ಕೆಲಸ ಇಸ್ರೊದ್ದು, ಕಾರ್ಯಕ್ರಮಗಳಲ್ಲಿ ದೊಡ್ಡ ಪಾಲು ದೂರದರ್ಶನದ್ದು. ಒಪ್ಪಂದಕ್ಕೆ 1969ರಲ್ಲಿಯೇ ಸಹಿ ಬಿದ್ದಿತ್ತು. ಅದರ ಹಿಂದೆ ಇದ್ದ ಕನಸು ವಿಜ್ಞಾನಿ ವಿಕ್ರಮ್ ಸಾರಾಭಾಯಿ ಅವರದು. ಫಲ ನೋಡಲು ಅವರು ಉಳಿಯಲಿಲ್ಲ.

ಆರು ರಾಜ್ಯಗಳ 2,400 ಹಳ್ಳಿಗಳಿಗೆ ಸೆಟ್‌ಗಳು ಬಂದವು. ಕೋಳಿಗೂಡಿಗೆ ಹೊಡೆಯುವಂಥ ತಂತಿಜಾಳಿಗೆಯಿಂದ ಮಾಡಿದ ಹತ್ತು ಅಡಿ ಅಗಲದ ಆಂಟೆನಾ, ಅದರ ಕೆಳಗೆ ಶಾಲೆಯಲ್ಲೋ ಪಂಚಾಯಿತಿಯಲ್ಲೋ ಒಂದು ಟಿವಿ. ಕರೆಂಟಿಲ್ಲದ ಊರಿಗೆ ಬ್ಯಾಟರಿ. ಬೆಳಿಗ್ಗೆ ಶಾಲಾ ಮಕ್ಕಳಿಗಾಗಿ ಪ್ರತಿ ಭಾಷೆಗೂ ಸುಮಾರು 22 ನಿಮಿಷ, ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯ. ನಮ್ಮ ಕನ್ನಡದ ಕಾರ್ಯಕ್ರಮಗಳು ಹೈದರಾಬಾದಿನ ಕೇಂದ್ರದಲ್ಲಿ ತೆಲುಗಿನ ಜೊತೆಜೊತೆಗೆ ತಯಾರಾಗುತ್ತಿದ್ದವು. ಒಂದೇ ಚಿತ್ರಕ್ಕೆ ಎರಡು ಭಾಷೆಯ ಧ್ವನಿ ಕಳಿಸುವ ಅನುಕೂಲ ಆ ಉಪಗ್ರಹದಲ್ಲಿತ್ತು. ಸಿನಿಮಾ ಟೆಂಟನ್ನೂ ಕಾಣದ ಮಕ್ಕಳು ನೇರವಾಗಿ ಬಾಹ್ಯಾಕಾಶದಿಂದ ಇಳಿದ ಚಿತ್ರ ನೋಡಿದರು. ಆಗ ದೇಶದ ಎಷ್ಟೋ ದೊಡ್ಡ ಪಟ್ಟಣಗಳಿಗೂ ಆ ಭಾಗ್ಯ ಇರಲಿಲ್ಲ.

ವರ್ಷ ತುಂಬಿತು. ಒಪ್ಪಂದದಂತೆ ಅಮೆರಿಕ ತನ್ನ ಉಪಗ್ರಹವನ್ನು ಹಿಂದಕ್ಕೆ ಒಯ್ದಿತು. 1977ರಲ್ಲಿ ಗುಲ್ಬರ್ಗದಲ್ಲಿ ಟ್ರಾನ್ಸ್‌ಮಿಟರ್ ಬಂತು, ಅದರ ಸುತ್ತಿನ ಹಳ್ಳಿಗಳು ಪುಣ್ಯ ಮಾಡಿದ್ದವು. ದೂರದ ಹಳ್ಳಿಗಳ ಪೆಟ್ಟಿಗೆಗಳು ಸುಮ್ಮನಾದವು. ಕನ್ನಡ ಟಿವಿಯ ಚರಿತ್ರೆ ಬರೆಯುವವರು ಈ ಒಂದು ವರ್ಷವನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ನನಗೆ ಇದು ಸಹಿಸಲಾಗದ ಮರೆವು. ನಾಡಿನ ಮೊದಲ ಮಕ್ಕಳ ಟಿವಿಯ ಮೊದಲ ಪ್ರೇಕ್ಷಕರು ನಮ್ಮ ಸೀಮೆಯವರು. ಅವರೀಗ ಅರವತ್ತರ ಆಸುಪಾಸಿನಲ್ಲಿದ್ದಾರೆ. ಅವರ ನೆನಪುಗಳನ್ನು ಇನ್ನಾದರೂ ಬರೆದಿಟ್ಟುಕೊಳ್ಳಬೇಡವೇ?

ಮುಂದಿನ ಹದಿನೈದು ವರ್ಷ ದಾಟಿ ಢಾಕಾಕ್ಕೆ ಹೋಗೋಣ. ಸಾರ್ಕ್ ದೇಶಗಳು 1991ರಿಂದ 2000ದವರೆಗಿನ ಹತ್ತು ವರ್ಷವನ್ನು ಹೆಣ್ಣುಮಗುವಿನ ದಶಕ ಎಂದು ಸಾರಿದ್ದವು. ಘೋಷಣೆಯೇನೋ ಆಯಿತು, ಮನೆಯೊಳಗೆ ಅದನ್ನು ಮುಟ್ಟಿಸುವುದು ಹೇಗೆ? ಢಾಕಾದ ಯುನಿಸೆಫ್ ಕಚೇರಿಯಲ್ಲಿದ್ದ ಕೆನಡಾದ ನೀಲ್ ಮೆಕ್ಕೀ ಕಾರ್ಟೂನ್ ಹುಡುಗಿಯೊಬ್ಬಳ ಮೂಲಕ ಹೇಳಿಸಲು ಹೊರಟರು. ಬಾಂಗ್ಲಾದೇಶದ ಕಲಾವಿದ, ಗೊಂಬೆಯಾಟದ ಮುಸ್ತಫಾ ಮನ್ವರ್ ಕೈ ಹಾಕಿದರು. ಇಂಗ್ಲೆಂಡಿನ ರೇಚಲ್ ಕಾರ್ನೆಗಿ ಬರೆದರು. ದೆಹಲಿಯ ಮೀರಾ ಆಘಿ ಹಳ್ಳಿಗಳ ಸಂಶೋಧನೆ ನೋಡಿಕೊಂಡರು. ನಾರ್ವೆ ಸರ್ಕಾರ ಹಣದ ನೆರವು ಕೊಟ್ಟಿತು. ಮೊದಲ ಚಿತ್ರಕ್ಕೆ ಚಲನೆ ಬಂದದ್ದು ಫಿಲಿಪ್ಪೀನ್ಸ್‌ನ ಮನಿಲಾದಲ್ಲಿ, ಹಾನಾ-ಬಾರ್ಬೆರಾ ಕಂಪನಿಯ ಸ್ಟುಡಿಯೊದಲ್ಲಿ. ಇಷ್ಟೂ ಕೈಗಳ ನಡುವೆ ಮೀನಾಳಿಗೆ ರೂಪ, ನಡೆ, ನಗು ಕೊಟ್ಟವರು ಮುಂಬೈನ ರಾಮ್ ಮೋಹನ್.

ರಾಮ್ ಮೋಹನ್ ಅವರ ಬಗ್ಗೆ ನಾಲ್ಕು ಮಾತು ಹೆಚ್ಚೇ ಹೇಳಬೇಕು. 1931ರಲ್ಲಿ ಹುಟ್ಟಿದ ಇವರು ಮದರಾಸಿನಲ್ಲಿ ರಸಾಯನಶಾಸ್ತ್ರ ಓದಿದವರು. 1956ರಲ್ಲಿ ಮುಂಬೈನ ಫಿಲ್ಮ್ಸ್ ಡಿವಿಷನ್ ಸೇರಿದರು. ಆಗ ಅಲ್ಲಿಗೆ ಡಿಸ್ನಿ ಸ್ಟುಡಿಯೊದ ಕ್ಲೇರ್ ವೀಕ್ಸ್ ಎಂಬ ಅಮೆರಿಕನ್ ಚಿತ್ರಕಾರ ತಾಂತ್ರಿಕ ನೆರವಿನ ಯೋಜನೆಯಲ್ಲಿ ಬಂದಿದ್ದರು. ಭಾರತದಲ್ಲೇ ಹುಟ್ಟಿದ, ಪಾದ್ರಿ ದಂಪತಿಯ ಮಗ. ಅವರ ಕೈಕೆಳಗೆ ಕಲಿತ ಹುಡುಗರು ಜಾತಕ ಕಥೆಯೊಂದನ್ನು ಆಧರಿಸಿ 1957ರಲ್ಲಿ ‘ದಿ ಬನ್ಯನ್ ಡೀರ್’ ಚಿತ್ರ ಮಾಡಿದರು. ಅಂದರೆ ನಮ್ಮ ದೇಶದ ಅನಿಮೇಷನ್ ಕಲಿಕೆಯ ಮೊದಲ ಪಾಠವೇ ಎರಡು ದೇಶಗಳು ಕೂಡಿ ಮಾಡಿದ್ದು. 1972ರಲ್ಲಿ ರಾಮ್ ಮೋಹನ್ ಸ್ವಂತ ಸ್ಟುಡಿಯೊ ತೆರೆದರು. ಒಂದು ಸೆಕೆಂಡಿನ ಚಲನೆಗೆ ಹತ್ತಾರು ಚಿತ್ರ ಕೈಯಲ್ಲೇ ಬರೆಯಬೇಕಿದ್ದ ಕಾಲ ಅದು.

ಮೀನಾಳ ಕೆಲಸದ ಹೊತ್ತಿಗೆ ಅವರ ಮೇಜಿನ ಮೇಲೆ ಇನ್ನೊಂದು ಜಂಟಿ ಕೆಲಸವೂ ಇತ್ತು. ಜಪಾನಿನ ಯುಗೊ ಸಾಕೊ ರಾಮಾಯಣದ ಪೂರ್ಣ ಪ್ರಮಾಣದ ಅನಿಮೇಷನ್ ಚಿತ್ರ ಮಾಡುತ್ತಿದ್ದರು. ಭಾರತದಿಂದ ಅದರ ನಿರ್ದೇಶನದಲ್ಲಿ ಪಾಲುಗೊಂಡವರು ರಾಮ್ ಮೋಹನ್. ದೇವರನ್ನು ಕಾರ್ಟೂನು ಮಾಡುವುದೇ ಎಂಬ ಆಕ್ಷೇಪ ಎದ್ದಿತು, ಭಾರತ ಸರ್ಕಾರ ಕೈಜೋಡಿಸಲು ಹಿಂಜರಿಯಿತು. ಕೊನೆಗೆ ಚಿತ್ರ ಜಪಾನಿನಲ್ಲೇ ತಯಾರಾಗಿ 1992ರಲ್ಲಿ ಮುಗಿಯಿತು. ಮುಂದೆ ಟಿವಿಯಲ್ಲಿ ಬಂದು ಒಂದು ಇಡೀ ತಲೆಮಾರಿನ ಮಕ್ಕಳ ಮನಸ್ಸಿನಲ್ಲಿ ನಿಂತಿತು. 2025ರ ಜನವರಿ 24ರಂದು ಅದು ಹೊಸ ಮೆರುಗಿನೊಂದಿಗೆ ಚಿತ್ರಮಂದಿರಗಳಿಗೆ ಬಂದಾಗ ಇಂಗ್ಲಿಷ್, ಹಿಂದಿ, ತಮಿಳು, ತೆಲುಗು ಧ್ವನಿಗಳಿದ್ದವು. ಕನ್ನಡ ಇರಲಿಲ್ಲ. ನಮ್ಮ ಕಡೆಯ ಮುಕ್ಕುಂದ ಊರಿನ ಪಕ್ಕ ಹರಿಯುವ ತುಂಗಭದ್ರೆಯ ದಂಡೆ ಹಿಡಿದು ಮೇಲಕ್ಕೆ ಹೋದರೆ ಆನೆಗೊಂದಿ, ಅಂಜನಾದ್ರಿ ಬೆಟ್ಟ. ಕಿಷ್ಕಿಂಧೆ ಎಂದು ಜನ ಕೈಮುಗಿಯುವ ನೆಲ. ಸುಗ್ರೀವ, ಹನುಮಂತರ ಊರಿನ ಭಾಷೆಯಲ್ಲಿ ಆ ಹನುಮಂತ ಮಾತಾಡದೇ ಹೋದದ್ದು ನನ್ನಂಥವರಿಗೆ ನುಂಗಲಾರದ ತುತ್ತು.

ಮತ್ತೆ ಮೀನಾಳ ಕಡೆಗೆ. ಪಾತ್ರ ರೂಪಿಸುವಾಗ ನಾಲ್ಕು ದೇಶಗಳಲ್ಲಿ 10,000ಕ್ಕೂ ಹೆಚ್ಚು ಮಂದಿಯ ಮಾತು ಕೇಳಿದರು. ನಿನ್ನ ಮನೆಯಲ್ಲಿ ಮೊದಲು ಉಣ್ಣುವವರು ಯಾರು, ನೀರು ತರುವವರು ಯಾರು, ಶಾಲೆ ಬಿಡಿಸಿದ್ದು ಯಾಕೆ ಎಂಬಂಥ ಬದುಕಿನ ಸಂಗತಿಗಳೇ ಕಥೆಗಳಾದವು. ಕಥೆ ಬರೆದ ಮೇಲೆ ಚಿತ್ರಗಳ ಹಾಳೆ ಹಿಡಿದು ಮತ್ತೆ ಹಳ್ಳಿಗೆ ಹೋದರು. ಜನ ಒಪ್ಪದ್ದನ್ನು ತಿದ್ದಿದರು.

ಮೊದಲ ಕಥೆ ಕೋಳಿ ಎಣಿಸುವುದು. ಮೀನಾಳನ್ನು ಶಾಲೆಗೆ ಕಳಿಸಿಲ್ಲ, ರಾಜು ಹೋಗುತ್ತಾನೆ. ಅವಳು ಗಿಳಿಯನ್ನು ಶಾಲೆಗೆ ಕಳಿಸುತ್ತಾಳೆ. ಮಿಟ್ಟು ಕಿಟಕಿಯಲ್ಲಿ ಕೂತು ಮಗ್ಗಿ ಕಲಿತು ಬಂದು ಒಡತಿಗೆ ಒಪ್ಪಿಸುತ್ತದೆ. ಆ ಲೆಕ್ಕದಿಂದಲೇ ಅವಳು ಕೋಳಿಗಳನ್ನು ಎಣಿಸಿ ಒಂದು ಕಡಿಮೆ ಇರುವುದನ್ನು ಕಂಡುಹಿಡಿಯುತ್ತಾಳೆ, ಕಳ್ಳ ಸಿಕ್ಕಿಬೀಳುತ್ತಾನೆ. ಹೆಣ್ಣಿಗೆ ಓದು ಯಾಕೆ ಎನ್ನುತ್ತಿದ್ದ ಅಪ್ಪ ತಾನೇ ಅವಳನ್ನು ಶಾಲೆಗೆ ಸೇರಿಸುತ್ತಾನೆ. ಭಾಷಣ ಒಂದೂ ಇಲ್ಲ. ಕೋಳಿ ಕಳೆದುಕೊಂಡ ರೈತನಿಗೆ ಅರ್ಥವಾಗುವ ಲೆಕ್ಕ ಅಷ್ಟೇ.

ಇನ್ನೊಂದು, ಮಾವಿನ ಹಣ್ಣಿನ ಕಥೆ. ಮರ ಹತ್ತಿ ಹಣ್ಣು ಕಿತ್ತವಳು ಮೀನಾ, ದೊಡ್ಡ ಹೋಳು ರಾಜುವಿಗೆ. ಊಟದಲ್ಲಿ ಮೊಟ್ಟೆಯೂ ಅವನಿಗೇ. ಅಕ್ಕ, ತಮ್ಮ ಒಂದು ದಿನ ಕೆಲಸ ಅದಲುಬದಲು ಮಾಡಿಕೊಳ್ಳುತ್ತಾರೆ. ಮೀನಾ ಲಾಲಿ ಎಂಬ ಹಸುವನ್ನು ಮೇಯಿಸಲು ಹೋದರೆ, ರಾಜು ಕಸ ಗುಡಿಸಿ, ನೀರು ತಂದು, ಪುಟ್ಟ ತಂಗಿ ರಾಣಿಯನ್ನು ನೋಡಿಕೊಂಡು ಸುಸ್ತಾಗುತ್ತಾನೆ. ಸಂಜೆ ತಟ್ಟೆಯ ಪಾಲೂ ಅದಲುಬದಲು. ಹಸಿದ ಮಗನ ಮುಖ ನೋಡಿದಾಗಲೇ ಮನೆಯವರಿಗೆ ಮಗಳ ಹಸಿವು ಕಾಣುವುದು. ಇಷ್ಟು ಸರಳವಾಗಿ, ಇಷ್ಟು ಆಳಕ್ಕೆ ಇಳಿಯುವ ಮಕ್ಕಳ ಕಥೆ ನಮ್ಮ ಟಿವಿಯಲ್ಲಿ ಬಂದದ್ದು ತೀರಾ ಅಪರೂಪ.

ಈ ಕಥೆಗಳು ಢಾಕಾದಲ್ಲಿ ಹುಟ್ಟಿದರೂ ನಮ್ಮ ಸೀಮೆಯ ಕಥೆಗಳೇ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಸಿಂಧನೂರು ಭತ್ತದ ಕಣಜವಾಯಿತು, ಅಕ್ಕಿ ಗಿರಣಿಗಳು ಎದ್ದವು. ಹಾಗಿದ್ದೂ ಹೈಸ್ಕೂಲು ಬೇರೆ ಊರಿನಲ್ಲಿದೆ ಎಂಬ ಒಂದೇ ಕಾರಣಕ್ಕೆ ಏಳನೆಯ ತರಗತಿಗೆ ಓದು ನಿಂತ ಹುಡುಗಿಯರು ಎಷ್ಟು ಜನ! ರಾಯಚೂರು, ಕೊಪ್ಪಳ ಸೀಮೆಯ ಬೀಜದ ಹತ್ತಿ ಹೊಲಗಳಲ್ಲಿ ಕ್ರಾಸಿಂಗ್ (ಪರಾಗಸ್ಪರ್ಶ) ಕೆಲಸಕ್ಕೆ ಹುಡುಗಿಯರ ಸಣ್ಣ ಬೆರಳುಗಳೇ ಬೇಕು ಎನ್ನುವ ಕಾಲವಿತ್ತು. ಹೂ ಅರಳುವ ಹೊತ್ತು, ಶಾಲೆಯ ಗಂಟೆಯ ಹೊತ್ತು ಒಂದೇ. ಅಪ್ಪ, ಅವ್ವ ಗುಳೆ ಹೋದರೆ ತಮ್ಮನನ್ನು ಎತ್ತಿಕೊಳ್ಳುವವಳು ಅಕ್ಕ. ಬಾಲ್ಯವಿವಾಹದ ಬಗ್ಗೆ ರಾಜ್ಯಕ್ಕೆ 2011ರಲ್ಲಿ ವರದಿ ಕೊಟ್ಟ ಸಮಿತಿಯ ಮುಖ್ಯಸ್ಥರು ನಮ್ಮ ಜಿಲ್ಲೆಯವರೇ ಆದ ನ್ಯಾಯಮೂರ್ತಿ ಶಿವರಾಜ ಪಾಟೀಲರು. ಮೀನಾಳ ಕಂತುಗಳಲ್ಲಿ ಎಳೆಯ ವಯಸ್ಸಿನ ಮದುವೆಯದೂ ಒಂದಿದೆ, ವರದಕ್ಷಿಣೆಯದೂ ಇದೆ, ವಾಂತಿಭೇದಿಯಾದ ಕೂಸಿಗೆ ಉಪ್ಪು, ಸಕ್ಕರೆ ನೀರು ಕುಡಿಸಿ ಜೀವ ಉಳಿಸುವುದೂ ಇದೆ.

ಇನ್ನೊಂದು ನಂಟೂ ಇದೆ. ಸಿಂಧನೂರು ತಾಲ್ಲೂಕಿನ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳಲ್ಲಿ ಪೂರ್ವ ಬಂಗಾಳದಿಂದ ನೆಲೆ ತಪ್ಪಿ ಬಂದವರ ಕುಟುಂಬಗಳಿವೆ. ಮನೆಯಲ್ಲಿ ಬಂಗಾಳಿ, ಶಾಲೆಯಲ್ಲಿ ಕನ್ನಡ. ಮೀನಾ ಮೊದಲು ಮಾತು ಕಲಿತ ಭಾಷೆ, ಅವಳು ತಲುಪಬೇಕಾದ ಭಾಷೆ ಎರಡೂ ಒಂದೇ ಮಗುವಿನ ಬಾಯಲ್ಲಿ ಇರುವ ಜಾಗ ಕರ್ನಾಟಕದಲ್ಲಿ ಇದ್ದರೆ ಅದು ಇಲ್ಲಿ.

ಸರ್ವ ಶಿಕ್ಷಣ ಅಭಿಯಾನದ ಕಾಲದಲ್ಲಿ ನಮ್ಮ ಸರ್ಕಾರಿ ಶಾಲೆಗಳಲ್ಲಿ ಹುಡುಗಿಯರ ‘ಮೀನಾ ತಂಡ’ಗಳು ಹುಟ್ಟಿದವು. ಶಾಲೆಗೆ ಬಾರದ ಗೆಳತಿಯ ಮನೆಗೆ ಹೋಗಿ ಕರೆತರುವುದು, ಮದುವೆಯ ಸುದ್ದಿ ಕಿವಿಗೆ ಬಿದ್ದರೆ ಶಿಕ್ಷಕರಿಗೆ ತಿಳಿಸುವುದು ಅವರ ಕೆಲಸ. ದೊಡ್ಡ ಕೆಲಸ ಅದು. ಈಚೆಗೆ ಮುಕ್ಕುಂದದ ಕಡೆ ಶಾಲೆಯಿಂದ ಬರುತ್ತಿದ್ದ ಹುಡುಗಿಯೊಬ್ಬಳನ್ನು ಕೇಳಿದೆ, ‘ಮೀನಾ ಅಂದ್ರ ಯಾರವ್ವ?’ ‘ನಮ್ ಸಾಲಿ ಟೀಮಿನ ಹೆಸರು ರೀ ಸರ’ ಎಂದಳು. ಗಿಳಿಯ ಕಥೆ ಹೇಳಿದೆ. ಅವಳು ಕೇಳಿಯೇ ಇರಲಿಲ್ಲ. ಹೆಸರು ಉಳಿದು ಕಥೆ ಹೋದರೆ ತಂಡದ ಜೀವವೇ ಹೋದಂತೆ.

ಚಿತ್ರ ತೋರಿಸುವ ದಾರಿಗಳು ಇಲ್ಲವೆಂದಲ್ಲ. 2009ರಲ್ಲಿ ಕನ್ನಡದ ಮಕ್ಕಳಿಗೆಂದೇ ಚಿಂಟು ಟಿವಿ ಬಂತು. ಡಬ್ಬಿಂಗ್ ಬೇಡವೆಂಬ ಕಟ್ಟುಪಾಡು ಸಿನಿಮಾ, ಧಾರಾವಾಹಿಗಳ ಮೇಲೆ ಬಿಗಿಯಾಗಿದ್ದಾಗಲೂ ಕಾರ್ಟೂನು ಕನ್ನಡ ಮಾತಾಡಿತು. 2015ರಲ್ಲಿ ಸ್ಪರ್ಧಾ ಆಯೋಗ ಆ ಕಟ್ಟುಪಾಡನ್ನೇ ತಪ್ಪೆಂದು ತೀರ್ಪು ಕೊಟ್ಟಿತು. ಹೊರಗಿನ ಕಾರ್ಟೂನು ಕನ್ನಡಕ್ಕೆ ಬರುವುದನ್ನು ನಾನು ವಿರೋಧಿಸುವವನಲ್ಲ, ಇನ್ನಷ್ಟು ಬರಲಿ. ಆದರೆ ಎಲ್ಲೋ ಯಾರಿಗೋ ಮಾಡಿದ ಕಥೆಗೆ ನಮ್ಮ ಮಾತು ಅಂಟಿಸುವುದೇ ಬೇರೆ, ನಮ್ಮ ಮಕ್ಕಳನ್ನು ಕೇಳಿ ಕಥೆ ಕಟ್ಟುವುದೇ ಬೇರೆ. ಸೈಟ್‌ನ ಒಂದು ವರ್ಷದಲ್ಲೂ ಮೀನಾಳಲ್ಲೂ ಹೊರಗಿನವರ ಹಣ, ಯಂತ್ರ ಇತ್ತು ನಿಜ, ಕಥೆ ಮಾತ್ರ ಇಲ್ಲಿಯ ಮಕ್ಕಳ ಅಗತ್ಯದಿಂದ ಹುಟ್ಟಿತ್ತು. ರಾಮ್ ಮೋಹನ್ 2014ರಲ್ಲಿ ಪದ್ಮಶ್ರೀ ಪಡೆದು 2019ರಲ್ಲಿ ತೀರಿಕೊಂಡರು. ಆ ಬಗೆಯ ಕೆಲಸ ಅವರ ಜೊತೆಗೇ ಹೋಗಬೇಕಾಗಿಲ್ಲ.

ಶಿಕ್ಷಣ ಇಲಾಖೆಗೆ, ಚಂದನ ವಾಹಿನಿಗೆ, ಕರ್ನಾಟಕವನ್ನೂ ನೋಡಿಕೊಳ್ಳುವ ಯುನಿಸೆಫ್‌ನ ಹೈದರಾಬಾದ್ ಕಚೇರಿಗೆ ನನ್ನ ಬೇಡಿಕೆ ಸಣ್ಣದು. ಮೀನಾಳ ಕಂತುಗಳಿಗೆ ನಮ್ಮ ಸೀಮೆಯ ಕನ್ನಡ ಕೊಡಿ. ಧ್ವನಿ ನಮ್ಮ ಊರುಗಳ ಹುಡುಗಿಯರದೇ ಇರಲಿ. ಶಿಕ್ಷಕರಿಗೆ ಇನ್ನೂ ಸಣ್ಣ ಮಾತು: ಸೆಪ್ಟೆಂಬರ್ 24 ಮೀನಾ ದಿನ. ಈ ವರ್ಷ ಅಂದು ಶಾಲೆಯ ಟಿವಿಯಲ್ಲಿ ಮಾವಿನ ಹಣ್ಣಿನ ಕಂತು ಹಾಕಿ, ಅಪ್ಪಂದಿರನ್ನೂ ಕರೆದು ಮುಂದಿನ ಸಾಲಿನಲ್ಲಿ ಕೂರಿಸಿ.