ಎಳೆ ಎಣಿಸುವ ಹೊತ್ತು

ಕಸೂತಿಯ ಗವಂತಿ ಹೊಲಿಗೆಯಲ್ಲಿ ಸೂಜಿ ಒಂದೇ ದಾರಿಯನ್ನು ಎರಡು ಸಲ ನಡೆಯುತ್ತದೆ. ಹೋಗುವಾಗ ಇಷ್ಟು ಎಳೆ ಮೇಲೆ, ಇಷ್ಟೇ ಎಳೆ ಕೆಳಗೆ. ಬರುವಾಗ ಬಿಟ್ಟ ಜಾಗವನ್ನೆಲ್ಲ ತುಂಬುತ್ತ ಹೊರಟಲ್ಲಿಗೇ ಬಂದು ನಿಲ್ಲುತ್ತದೆ. ಗಂಟು ಹಾಕುವಂತಿಲ್ಲ, ಬಟ್ಟೆಯ ಮೇಲೆ ಪೆನ್ಸಿಲ್ ಗೆರೆಯೂ ಇಲ್ಲ. ಗೋಪುರ, ತೇರು, ತುಳಸಿಕಟ್ಟೆ, ಆನೆ ಎಲ್ಲವೂ ಎಣಿಕೆಯಲ್ಲೇ ಮೂಡಬೇಕು. ನಡುವೆ ಒಂದು ಎಳೆ ತಪ್ಪಿದರೆ ತೇರಿನ ಕಳಸ ವಾಲುತ್ತದೆ; ಬಿಚ್ಚದೆ ಗತಿಯಿಲ್ಲ.

ಮನಸ್ಸು ನಿಲ್ಲಬೇಕೆಂದು ಹುಡುಕುವವರಿಗೆ ಈಗ ಪುಸ್ತಕ, ವಿಡಿಯೊಗಳು ತೋರಿಸುವುದು ಜಪಾನಿನ ಸಾಶಿಕೊ: ನೀಲಿ ಬಟ್ಟೆಯ ಮೇಲೆ ಬಿಳಿ ದಾರದ ಸಾಲುಹೊಲಿಗೆ. ಅದರ ಬಳಗದ ಕೋಗಿನ್ ಅಂತೂ ಕಸೂತಿಯ ಹಾಗೆ ಎಳೆ ಎಣಿಸುವ ಕೆಲಸವೇ. ಅಲ್ಲಿ 1, 3, 5 ಎಂದು ಬೆಸಸಂಖ್ಯೆಯ ಲೆಕ್ಕ. ಆದರೆ ಅದು ಹುಟ್ಟಿದ್ದು ಧ್ಯಾನಕ್ಕಲ್ಲ, ಚಳಿಗೆ. ಉತ್ತರ ಜಪಾನಿನ ತ್ಸುಗಾರು ಸೀಮೆಯಲ್ಲಿ ಹತ್ತಿ ಬೆಳೆಯುವುದಿಲ್ಲ. 18ನೇ ಶತಮಾನದಲ್ಲಿ ರೈತರು ಹತ್ತಿ ಬಟ್ಟೆ ತೊಡಬಾರದೆಂಬ ಕಟ್ಟಳೆ ಬೇರೆ ಇತ್ತು. ತೆಳ್ಳನೆಯ ನಾರುಬಟ್ಟೆಯ ಸಂದುಗಳಲ್ಲಿ ಗಾಳಿ ನುಗ್ಗದಂತೆ ಹೆಂಗಸರು ಹತ್ತಿ ದಾರ ತುಂಬಿದರು. ಚೆಂದ ಆಮೇಲೆ ಬಂತು.

ಇತ್ತ ನಮ್ಮ ಗದಗ ಜಿಲ್ಲೆಯ ರೋಣ, ನರಗುಂದದ ಎರೆಹೊಲಗಳಿಗೆ ಹತ್ತಿ ಹೊಸದಲ್ಲ. ಆದರೂ ಈ ಕಡೆ ಸವೆದ ಸೀರೆಯನ್ನು ಯಾರೂ ಎಸೆಯುತ್ತಿರಲಿಲ್ಲ; ಅದು ಕೌದಿಯಾಗುತ್ತಿತ್ತು. ಹಳೆ ಸೀರೆ, ಧೋತರ, ಅಂಗಿಯ ತುಂಡುಗಳನ್ನು ಪದರು ಪದರಾಗಿ ಹಾಸಿ, ಅಂಚಿನಿಂದ ಶುರುಮಾಡಿ ಚೌಕ ಚೌಕವಾಗಿ ಒಳಗೆ ಸರಿಯುತ್ತ ಹೊಲಿಯುತ್ತಾರೆ. ಹೊದ್ದು ಮಲಗಿದ ಮಗು ಬೆರಳಿಟ್ಟು, ಇದು ಅಜ್ಜಿಯ ಸೀರೆ, ಇದು ಕಾಕಾನ ಅಂಗಿ ಎಂದು ಗುರುತಿಸುವುದುಂಟು. ಸಾಶಿಕೊ ತುಂಬಿದ ಜಪಾನಿನ ತೇಪೆಬಟ್ಟೆ ‘ಬೊರೊ’ ಇಂದು ವಸ್ತುಸಂಗ್ರಹಾಲಯದ ಗಾಜಿನೊಳಗಿದೆ. ನಮ್ಮ ಕೌದಿ ಇನ್ನೂ ಹಾಸಿಗೆಯ ಮೇಲಿದೆ. ಅದಕ್ಕೇ ನಮಗದು ಕಣ್ಣಿಗೆ ಬೀಳುವುದಿಲ್ಲವೇನೊ.

ಗಜೇಂದ್ರಗಡದಲ್ಲಿ ಎಣಿಕೆ ಮಗ್ಗದ ಮೇಲೆ ನಡೆಯುತ್ತದೆ. ಈ ಭಾಗದ ಪಟ್ಟೇದ ಅಂಚು ಸೀರೆಗೆ ಮೈತುಂಬ ಸಣ್ಣ ಚೌಕಳಿ, ಅಗಲ ಅಂಚು. ಒಳಗು ಹೊರಗು ಎಂಬ ಭೇದವಿಲ್ಲದೆ ಎರಡೂ ಕಡೆಯಿಂದ ಉಡಬಹುದು. ಹಾಸಿನಲ್ಲಿ ಒಂದು ಎಳೆ ಹೆಚ್ಚುಕಡಿಮೆಯಾದರೆ ಚೌಕಳಿ ಕೆಟ್ಟಿತು.

ಇಂಥ ಕೈಗೆಲಸದಿಂದ ಮನಸ್ಸು ತಿಳಿಯಾಗುತ್ತದೆಯೆ? 2013ರಲ್ಲಿ ಬ್ರಿಟನ್ನಿನ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಸಮೀಕ್ಷೆಗೆ ಉಲ್ಲನ್ ಹೆಣೆಯುವ 3,545 ಮಂದಿ ಉತ್ತರಿಸಿದ್ದರು. ಹೆಚ್ಚು ಸಲ ಹೆಣೆಯುವವರೇ ಹೆಚ್ಚು ಸಮಾಧಾನದ ಮಾತಾಡಿದ್ದರು. ಅದು ಅವರೇ ಹೇಳಿದ್ದು, ಔಷಧದ ಪರೀಕ್ಷೆಯಲ್ಲ. ಕಾರಣ ಊಹಿಸುವುದೇನೂ ಕಷ್ಟವಿಲ್ಲ: ಎಳೆ ಎಣಿಸುತ್ತ ನಾಳಿನ ಸಾಲದ ಕಂತನ್ನೂ ಎಣಿಸಲಾಗದು. ಆದರೆ ಅದೇ ಹೊಲಿಗೆಯನ್ನು ಕೂಲಿಗೆ, ಗಡುವಿನೊಳಗೆ ಮುಗಿಸಬೇಕಾದವರ ಬೆನ್ನುನೋವು, ಕಣ್ಣುರಿಗಳಿಗೆ ನೆಮ್ಮದಿಯ ಹೆಸರಿಡುವುದು ತಪ್ಪು. ಕೊಳ್ಳುವವರು ಚೌಕಾಸಿಗೆ ಇಳಿಯುವ ಮುನ್ನ ಬಟ್ಟೆಯ ಮೇಲಿನ ಹೊಲಿಗೆಗಳನ್ನು ಒಂದು ಗೇಣು ಎಣಿಸಿ ನೋಡಲಿ.

ತಾವೇ ಕಲಿಯುವವರಿಗೆ ದುಬಾರಿ ಜಪಾನಿ ಕಿಟ್ ಬೇಕಿಲ್ಲ. ಎಳೆ ಕಣ್ಣಿಗೆ ಕಾಣುವಂಥ ದಪ್ಪ ಹತ್ತಿಬಟ್ಟೆ, ಒಂದು ಸೂಜಿ, ಒಂದು ಬಣ್ಣದ ದಾರ ಸಾಕು. ಮೊದಲ ತಿಂಗಳು ತೇರು, ಆನೆಗಳ ಗೊಡವೆ ಬೇಡ. ಒಂದು ಸಾಲು ಗವಂತಿ ಹೊಲಿದು ಬಟ್ಟೆಯನ್ನು ತಿರುವಿ ಹಾಕಿ. ಹಿಂದೂ ಮುಂದೂ ಒಂದೇ ಥರ ಕಂಡರೆ ಎರಡನೆಯ ಸಾಲಿಗೆ ಹೋಗಬಹುದು.