ಅಳಿಸಿದ ಚಿತ್ರ ಎಲ್ಲಿಗೆ ಹೋಗುತ್ತದೆ?

1957ರಲ್ಲಿ ಅಮೆರಿಕದ ಎಂಜಿನಿಯರ್ ರಸೆಲ್ ಕಿರ್ಶ್ ಮತ್ತು ಅವರ ಸಹೋದ್ಯೋಗಿಗಳು ಚಿತ್ರವೊಂದನ್ನು ಗಣಕಯಂತ್ರದೊಳಗೆ ಸೇರಿಸಬಲ್ಲ ಸ್ಕ್ಯಾನರ್ ಒಂದನ್ನು ರೂಪಿಸಿದರು. ಅದರಲ್ಲಿ ಕಿರ್ಶ್ ಇರಿಸಿದ್ದು ಮೂರು ತಿಂಗಳ ಕೂಸಾಗಿದ್ದ ತಮ್ಮ ಮಗನ ಭಾವಚಿತ್ರವನ್ನು. ಐದು ಸೆಂಟಿಮೀಟರ್ ಚೌಕದ ಆ ಚಿತ್ರ ಅಡ್ಡಕ್ಕೆ 176, ಉದ್ದಕ್ಕೆ 176, ಒಟ್ಟು 30,976 ಬಿಂದುಗಳಾಗಿ ಯಂತ್ರವನ್ನು ಹೊಕ್ಕಿತು. ಅಂಕೀಯ ಛಾಯಾಚಿತ್ರದ ಚರಿತ್ರೆ ಹೀಗೆ ಒಂದು ಮನೆಯ ಆಲ್ಬಮ್ಮಿನಿಂದಲೇ ಶುರುವಾಗಿದೆ.

ಇಂದು ಮಗುವಿನ ಮೊದಲ ಹೆಜ್ಜೆ, ತಂಗಿಯ ಧಾರೆಯ ಗಳಿಗೆ, ತೀರಿಹೋದ ಅಜ್ಜನ ದನಿ ಎಲ್ಲವೂ ಉಗುರಿನಷ್ಟಗಲದ ಚಿಪ್ಪಿನಲ್ಲಿ ಕೂತಿರುತ್ತವೆ. ಒಂದು ದಿನ ಬೆರಳು ತಪ್ಪಿ ಮುಟ್ಟಿದ್ದಕ್ಕೋ, ಫೋನ್ ನೀರಿಗೆ ಬಿದ್ದದ್ದಕ್ಕೋ, ಕಾರ್ಡನ್ನು ಅವಸರದಲ್ಲಿ ಫಾರ್ಮ್ಯಾಟ್ ಮಾಡಿದ್ದಕ್ಕೋ ಅವು ಕಾಣೆಯಾಗುತ್ತವೆ. ನಿನ್ನೆ ಇದ್ದದ್ದು ಇಂದು ಎಲ್ಲಿಗೆ ಹೋಯಿತು ಎಂಬ ಸಂಕಟದ ಪ್ರಶ್ನೆಗೆ ಉತ್ತರ ಯಂತ್ರ ನೆನಪಿಟ್ಟುಕೊಳ್ಳುವ ಬಗೆಯಲ್ಲಿದೆ.

ಸಂಗ್ರಹ ಮಾಧ್ಯಮವನ್ನು ದೊಡ್ಡ ಗ್ರಂಥಾಲಯಕ್ಕೆ ಹೋಲಿಸಬಹುದು. ಕಪಾಟುಗಳಲ್ಲಿ ಪುಸ್ತಕಗಳಿವೆ, ಬಾಗಿಲ ಬಳಿ ಯಾವ ಪುಸ್ತಕ ಎಲ್ಲಿದೆ ಎಂದು ತಿಳಿಸುವ ಸೂಚಿ ಇದೆ. ಈ ಸೂಚಿಯನ್ನು ನೋಡಿಕೊಳ್ಳುವುದು ಕಡತ ವ್ಯವಸ್ಥೆ, ಅಂದರೆ ಫೈಲ್ ಸಿಸ್ಟಮ್. ಚಿತ್ರವೊಂದನ್ನು ಅಳಿಸಿದಾಗ ಯಂತ್ರ ಸಾಮಾನ್ಯವಾಗಿ ಪುಸ್ತಕವನ್ನು ಮುಟ್ಟುವುದಿಲ್ಲ. ಸೂಚಿಯಲ್ಲಿ ಆ ಜಾಗ ಖಾಲಿಯಾಯಿತು ಎಂದಷ್ಟೇ ಗುರುತಿಸುತ್ತದೆ. ಹಳೆಯ ಫ್ಯಾಟ್ ಪದ್ಧತಿಯ ಕಾರ್ಡುಗಳಲ್ಲಿ ಕಡತದ ಹೆಸರಿನ ಮೊದಲ ಅಕ್ಷರದ ಜಾಗಕ್ಕೆ ಒಂದು ಗುರುತು ಬೀಳುತ್ತದೆ, ಅದು ಆಕ್ರಮಿಸಿದ್ದ ಸ್ಥಳ ಬಿಡುವಾಯಿತೆಂದು ದಾಖಲಾಗುತ್ತದೆ. ಚಿತ್ರ ಇದ್ದಲ್ಲೇ ಇರುತ್ತದೆ, ವಿಳಾಸ ಮಾತ್ರ ಮರೆತುಹೋಗಿರುತ್ತದೆ.

ಕಳೆದ ಚಿತ್ರಗಳನ್ನು ಮರಳಿ ತರುವ ತಂತ್ರಾಂಶಗಳು ನಿಂತಿರುವುದು ಈ ಮರೆವಿನ ಮೇಲೆಯೇ. ಜೆಪೆಗ್ ಬಗೆಯ ಪ್ರತಿಯೊಂದು ಚಿತ್ರವೂ 255, 216 ಎಂಬ ಎರಡು ಸಂಖ್ಯೆಗಳಿಂದ ಆರಂಭವಾಗಿ 255, 217ರಲ್ಲಿ ಮುಗಿಯುತ್ತದೆ. ತಂತ್ರಾಂಶ ಸೂಚಿಯನ್ನು ಬದಿಗಿಟ್ಟು ಕಪಾಟುಗಳನ್ನು ಒಂದೊಂದಾಗಿ ತಡವುತ್ತ ಈ ಗುರುತುಗಳನ್ನು ಹುಡುಕುತ್ತದೆ, ನಡುವೆ ಇರುವುದನ್ನು ಎತ್ತಿಕೊಳ್ಳುತ್ತದೆ. ಆದರೆ ಬಿಡುವಾದ ಜಾಗದಲ್ಲಿ ಹೊಸ ಚಿತ್ರ ಬಂದು ಕೂತರೆ ಹಳೆಯದು ನಿಜವಾಗಿಯೂ ಹೋದಂತೆ. ಅಳಿಸಿದ್ದು ಅರಿವಿಗೆ ಬಂದ ಕೂಡಲೇ ಆ ಕಾರ್ಡಿನ ಬಳಕೆಯನ್ನು ನಿಲ್ಲಿಸಬೇಕೆಂದು ತಜ್ಞರು ಹೇಳುವುದು ಇದೇ ಕಾರಣಕ್ಕೆ.

ಇಂದಿನ ಫೋನುಗಳಲ್ಲಿ ಈ ಅವಕಾಶವೂ ಕಿರಿದಾಗಿದೆ. ಅವುಗಳಲ್ಲಿರುವುದು ಜಪಾನಿನ ಫುಜಿಯೊ ಮಸುವೊಕ 1980ರ ದಶಕದಲ್ಲಿ ರೂಪಿಸಿದ ಫ್ಲ್ಯಾಶ್ ಸ್ಮೃತಿ. ಅದರ ಪ್ರತಿಯೊಂದು ಕೋಶವೂ ಸುತ್ತಲೂ ಅವಾಹಕದ ಗೋಡೆಯಿರುವ ಪುಟ್ಟ ಸೆರೆಮನೆ. ಅದರಲ್ಲಿ ಸಿಲುಕಿದ ಎಲೆಕ್ಟ್ರಾನುಗಳೇ ನೆನಪು. ವಿದ್ಯುತ್ ಇಲ್ಲದಿದ್ದರೂ ಅವು ವರ್ಷಗಟ್ಟಲೆ ಅಲ್ಲಿಯೇ ನಿಲ್ಲುತ್ತವೆ, ಆದರೂ ನಿಧಾನವಾಗಿ ಸೋರಿಹೋಗುತ್ತಿರುತ್ತವೆ. ಈ ಸ್ಮೃತಿಯಲ್ಲಿ ಬರೆದದ್ದರ ಮೇಲೆಯೇ ಮತ್ತೆ ಬರೆಯಲಾಗದು. ಮೊದಲು ಒಂದಿಡೀ ಖಂಡವನ್ನು ತೊಳೆದುಕೊಳ್ಳಬೇಕು. ಆದ್ದರಿಂದ ಬೇಡವಾದ ಜಾಗ ಯಾವುದೆಂದು ಫೋನು ಚಿಪ್ಪಿಗೆ ಮೊದಲೇ ತಿಳಿಸುತ್ತದೆ, ಚಿಪ್ಪು ಬಿಡುವಿನ ವೇಳೆಯಲ್ಲಿ ಅದನ್ನು ತೊಳೆದಿಡುತ್ತದೆ. ಇದರ ಜೊತೆಗೆ ಎಲ್ಲವೂ ಗೂಢಲಿಪಿಯಲ್ಲಿರುತ್ತದೆ; ಅದರ ಕೀಲಿ ನಾಶವಾದರೆ ಉಳಿಯುವುದು ಅರ್ಥವಿಲ್ಲದ ಅಂಕಿಗಳ ರಾಶಿ. ಕಳ್ಳನಿಂದ ಚಿತ್ರಗಳನ್ನು ಕಾಪಾಡುವ ಈ ಏರ್ಪಾಟೇ ಅವಘಡದ ದಿನ ಮನೆಯವರಿಗೂ ಬಾಗಿಲು ಮುಚ್ಚುತ್ತದೆ.

ಚಿತ್ರ ಸಿಕ್ಕರೂ ಕೆಲವೊಮ್ಮೆ ಅದರ ಮೇಲರ್ಧ ಮಾತ್ರ ಕಂಡು ಕೆಳಗೆ ಬೂದುಬಣ್ಣ ತುಂಬಿರುತ್ತದೆ. ಇದಕ್ಕೆ ಕಾರಣ ಚಿತ್ರವನ್ನು ಕುಗ್ಗಿಸುವ ವಿಧಾನ. ಬೆಂಗಳೂರಿನಲ್ಲಿ ಹುಟ್ಟಿ, ಇಲ್ಲಿನ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ನಾಸಿರ್ ಅಹ್ಮದ್, ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಂದಿಗೆ 1974ರಲ್ಲಿ ಪ್ರಕಟಿಸಿದ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಎಂಬ ಗಣಿತವೇ ಜೆಪೆಗ್‌ನ ಬೆನ್ನೆಲುಬು. ಚಿತ್ರವನ್ನು ಎಂಟಕ್ಕೆ ಎಂಟು ಬಿಂದುಗಳ ಚೌಕಗಳಾಗಿ ಒಡೆದು, ಪ್ರತಿ ಚೌಕವನ್ನೂ ಅಲೆಗಳ ಮೊತ್ತವಾಗಿ ಬರೆದು, ಕಣ್ಣಿಗೆ ತಿಳಿಯದ ಸೂಕ್ಷ್ಮಗಳನ್ನು ಕೈಬಿಟ್ಟಾಗ ಚಿತ್ರ ಹಲವು ಪಟ್ಟು ಕಿರಿದಾಗುತ್ತದೆ. ಕೋಟ್ಯಂತರ ಮನೆಗಳ ಆಲ್ಬಮ್ಮುಗಳು ಅಂಗೈಯೊಳಗೆ ಹಿಡಿಸಿದ್ದು ಇದರಿಂದಲೇ. ಆದರೆ ಇಷ್ಟು ಬಿಗಿಯಾಗಿ ಹೆಣೆದ ಸಾಲಿನಲ್ಲಿ ನಡುವೆ ಒಂದು ಅಂಕಿ ಕೆಟ್ಟರೂ ಮುಂದಿನದನ್ನು ಓದುವ ಲೆಕ್ಕ ತಪ್ಪಿಹೋಗಬಹುದು. ಹಳೆಯ ಕಾಗದದ ಚಿತ್ರ ಮಾಸುತ್ತ ಮಾಸುತ್ತ ಹಳದಿಯಾಗಿಯಾದರೂ ಮುಖ ತೋರಿಸುತ್ತಿತ್ತು. ಅಂಕೀಯ ಚಿತ್ರಕ್ಕೆ ಹಾಗೆ ಮೆಲ್ಲಗೆ ಮುಪ್ಪಾಗುವ ಗುಣವಿಲ್ಲ.

ಹೀಗಿರುವಾಗ ರಕ್ಷಣೆ ಯಾವುದೇ ಒಂದು ಉಪಕರಣದಲ್ಲಿಲ್ಲ, ಪ್ರತಿಗಳಲ್ಲಿದೆ. 1998ರಲ್ಲಿ ಪಿಕ್ಸಾರ್ ಸಂಸ್ಥೆಯಲ್ಲಿ ಟಾಯ್ ಸ್ಟೋರಿ 2 ಚಿತ್ರ ತಯಾರಾಗುತ್ತಿದ್ದಾಗ ತಪ್ಪಾಗಿ ನೀಡಿದ ಒಂದು ಆದೇಶ ಅದರ ಬಹುಪಾಲನ್ನು ಅಳಿಸಿಹಾಕಿತು. ಕಾಯ್ದಿರಿಸಿದ ಪ್ರತಿಯನ್ನು ತೆರೆದಾಗ ಅದೂ ಸರಿಯಾಗಿರಲಿಲ್ಲ. ಹೆರಿಗೆಯ ನಂತರ ಮನೆಯಿಂದ ಕೆಲಸ ಮಾಡಲೆಂದು ತಂತ್ರನಿರ್ದೇಶಕಿ ಗೇಲಿನ್ ಸಸ್ಮನ್ ತಮ್ಮ ಮನೆಯ ಗಣಕದಲ್ಲಿ ಇರಿಸಿಕೊಂಡಿದ್ದ ಮತ್ತೊಂದು ಪ್ರತಿ ಆ ಚಿತ್ರವನ್ನು ಉಳಿಸಿತು. ಪ್ರತಿ ಇದ್ದರೆ ಸಾಲದು, ಅದು ಬೇರೆಡೆ ಇರಬೇಕು, ತೆರೆದು ನೋಡಿ ಖಚಿತಪಡಿಸಿಕೊಂಡಿರಬೇಕು ಎಂಬುದು ಆ ಘಟನೆಯ ಪಾಠ. ಮೂರು ಪ್ರತಿಗಳು, ಎರಡು ಬಗೆಯ ಮಾಧ್ಯಮಗಳು, ಅವುಗಳಲ್ಲಿ ಒಂದು ಮನೆಯಿಂದ ದೂರ ಎಂಬ ಛಾಯಾಗ್ರಾಹಕರ 3-2-1 ನಿಯಮ ಹೇಳುವುದೂ ಇದನ್ನೇ. ಫೋನಿನೊಂದಿಗೆ ತಾನೇ ಹೊಂದಿಕೊಳ್ಳುವ ಕ್ಲೌಡ್ ಖಾತೆಯೊಂದನ್ನೇ ಪೂರ್ಣ ಪ್ರತಿಯೆಂದು ನಂಬುವಂತಿಲ್ಲ; ಅದು ಕನ್ನಡಿಯಂತೆ, ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ.

ನೆನಪನ್ನು ಪ್ರತಿ ಮಾಡಿ ಉಳಿಸುವ ವಿವೇಕ ಕನ್ನಡ ನಾಡಿಗೆ ಹೊಸದಲ್ಲ. ತಾಳೆಗರಿ ಹುಳುವಿಗೆ, ಬೆಂಕಿಗೆ, ನೀರಿಗೆ ಸುಲಭದ ತುತ್ತಾಗಿದ್ದ ಕಾಲದಲ್ಲಿ, ಸಾವಿರ ವರ್ಷಗಳ ಹಿಂದೆ, ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಒಂದು ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧ. ಆ ಕಾವ್ಯ ಇಂದಿಗೂ ಓದಲು ಸಿಗುತ್ತದೆ. ಅದೇ ಪೊನ್ನ ಬರೆದ ಭುವನೈಕರಾಮಾಭ್ಯುದಯದ ಒಂದು ಪೂರ್ಣ ಪ್ರತಿಯೂ ಈವರೆಗೆ ಸಿಕ್ಕಿಲ್ಲ.