ಹಿರಿಯ ರೈತರ ಮತ: ಯಾವ ಪ್ರಶ್ನೆ ಯಾರಿಗೆ?

ಚುನಾವಣೆ ಹತ್ತಿರ ಬಂದಾಗ ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ವಯಸ್ಸಾದ ರೈತರು ಅಭ್ಯರ್ಥಿಗಳಿಗೆ ಪಿಂಚಣಿಯ ಮತ್ತು ನೀರಿನ ಮಾತನ್ನು ತಪ್ಪದೆ ಕೇಳುತ್ತಾರೆ. ವಿಧಾನಸಭೆಗೆ ನಿಂತವರು "ಅದು ದೆಹಲಿಯ ಕೈಲಿದೆ" ಎನ್ನುವುದೂ, ಲೋಕಸಭೆಗೆ ನಿಂತವರು "ಬೆಂಗಳೂರಿನಲ್ಲಿ ಕೇಳಿ" ಎನ್ನುವುದೂ ಉಂಟು. ಯಾವುದು ಯಾರ ಹೊಣೆ ಎಂದು ತಿಳಿದಿದ್ದರೆ ಹೀಗೆ ಜಾರಿಕೊಳ್ಳುವುದು ಸುಲಭವಾಗದು.

ಮೊದಲು ಕ್ಷೇತ್ರದ ವಿಷಯ. ಅಜ್ಜಂಪುರ ಈಗ ಪ್ರತ್ಯೇಕ ತಾಲ್ಲೂಕಾದರೂ ವಿಧಾನಸಭೆಗೆ ತರೀಕೆರೆ ಕ್ಷೇತ್ರದಲ್ಲೇ ಇದೆ. ಲೋಕಸಭೆಗೆ ತರೀಕೆರೆ ಕ್ಷೇತ್ರವು ಉಡುಪಿ-ಚಿಕ್ಕಮಗಳೂರಿಗೆ ಸೇರಿದರೆ, ಅದೇ ಜಿಲ್ಲೆಯ ಕಡೂರು ಹಾಸನಕ್ಕೆ ಸೇರುತ್ತದೆ. ನೆರೆಹೊರೆಯ ಊರುಗಳ ನೆಂಟರಿಷ್ಟರು ಬೇರೆ ಬೇರೆ ಸಂಸದರನ್ನು ಆರಿಸಬೇಕಾಗಿ ಬರುವುದು ಇದರಿಂದಲೇ.

ವೃದ್ಧಾಪ್ಯ ಪಿಂಚಣಿಯಲ್ಲಿ ಕೇಂದ್ರ, ರಾಜ್ಯ ಎರಡರ ಪಾಲೂ ಇದೆ. ಕೇಂದ್ರವು 1995ರಲ್ಲಿ ತಿಂಗಳಿಗೆ 75 ರೂಪಾಯಿಯಿಂದ ಆರಂಭಿಸಿ, 2006ರಲ್ಲಿ ತನ್ನ ಪಾಲನ್ನು 200 ರೂಪಾಯಿಗೆ ಏರಿಸಿತು. 2011ರಲ್ಲಿ ವಯಸ್ಸಿನ ಮಿತಿಯನ್ನು 65ರಿಂದ 60ಕ್ಕೆ ಇಳಿಸಿ, 80 ದಾಟಿದವರಿಗೆ 500 ರೂಪಾಯಿ ಮಾಡಲಾಯಿತು. ಆದರೆ 80ರ ಒಳಗಿನವರಿಗೆ ಆ 200 ರೂಪಾಯಿ ಹಾಗೆಯೇ ಉಳಿಯಿತು. ಬೆಲೆ ಏರಿದಂತೆ ತಾನಾಗಿ ಏರುವ ಏರ್ಪಾಡು ಇದರಲ್ಲಿಲ್ಲ. ಈ ಪಾಲನ್ನು ಹೆಚ್ಚಿಸುವ ಪ್ರಶ್ನೆಯನ್ನು ಲೋಕಸಭೆಯ ಅಭ್ಯರ್ಥಿಗೇ ಹಾಕಬೇಕು.

65 ವರ್ಷ ತುಂಬಿದ ಸಣ್ಣ ಮತ್ತು ಅತಿ ಸಣ್ಣ ರೈತರು, ಕೃಷಿ ಕೂಲಿಕಾರರು ಮೊದಲಾದವರಿಗೆಂದು 2007ರಲ್ಲಿ ಬಂದ ಸಂಧ್ಯಾ ಸುರಕ್ಷಾ ಯೋಜನೆ ರಾಜ್ಯ ಸರ್ಕಾರದ್ದು. ಇದರ ಮೊತ್ತ 2021ರಲ್ಲಿ 1,000ದಿಂದ 1,200 ರೂಪಾಯಿಗೆ ಏರಿತು. ಮೊತ್ತವಷ್ಟೇ ಅಲ್ಲ, ಯಾರಿಗೆ ಸಿಗಬೇಕೆಂಬ ಆದಾಯ ಮಿತಿಯೂ ರಾಜ್ಯದ ತೀರ್ಮಾನ. ಆದ್ದರಿಂದ ಶಾಸಕರಾಗಬಯಸುವವರನ್ನು ಮಿತಿಯ ಬಗ್ಗೆಯೂ ಕೇಳುವುದು ಒಳ್ಳೆಯದು. ಮೊತ್ತ ಏರಿಯೂ ಮಿತಿ ಏರದಿದ್ದರೆ, ಹೊಸದಾಗಿ ಅರ್ಜಿ ಹಾಕುವವರಿಗೆ ಬಾಗಿಲು ತೆರೆಯುವುದಿಲ್ಲ.

2019ರಲ್ಲಿ ಬಂದ ಕಿಸಾನ್ ಮಾನ್‌ಧನ್ ಯೋಜನೆಯು 60 ತುಂಬಿದ ರೈತನಿಗೆ ತಿಂಗಳಿಗೆ 3,000 ರೂಪಾಯಿ ಕೊಡುತ್ತದೆಯೆಂಬ ಮಾತು ಪ್ರಚಾರದಲ್ಲಿ ಬಂದರೆ ಎಚ್ಚರ ಬೇಕು. ಅದಕ್ಕೆ ಸೇರುವ ವಯಸ್ಸು 18ರಿಂದ 40. ಅಂದೇ 40 ದಾಟಿದ್ದವರಿಗೆ ಅದರಲ್ಲಿ ಜಾಗವಿಲ್ಲ.

ನೀರಿನ ವಿಷಯದಲ್ಲಿ ಹೊಣೆ ಇಬ್ಬರದೂ. ಅಜ್ಜಂಪುರದ ಬಳಿ ಸುರಂಗ ಕೊರೆದಿರುವ ಭದ್ರಾ ಮೇಲ್ದಂಡೆ ಯೋಜನೆ ರಾಜ್ಯದ್ದು. ಅದಕ್ಕೆ 5,300 ಕೋಟಿ ರೂಪಾಯಿ ನೆರವನ್ನು ಕೇಂದ್ರವು 2023ರ ಆಯವ್ಯಯದಲ್ಲಿ ಘೋಷಿಸಿತು. ತೆಂಗಿನ ತೋಟ ಒಣಗುವುದನ್ನು ಕಂಡಿರುವ ಬಯಲುಸೀಮೆಯ ಹಿರಿಯರು ಒಬ್ಬರನ್ನು ಹಣದ ಬಗ್ಗೆಯೂ, ಇನ್ನೊಬ್ಬರನ್ನು ಕಾಲುವೆ ಕೆಲಸದ ಬಗ್ಗೆಯೂ ಕೇಳಬಹುದು.

ಮತಗಟ್ಟೆಗೆ ನಡೆದು ಹೋಗಲಾರದವರಿಗೆ ಮನೆಯಲ್ಲೇ ಮತ ಹಾಕುವ ಅವಕಾಶವುಂಟು. 2023ರ ಮೇ ತಿಂಗಳ ವಿಧಾನಸಭಾ ಚುನಾವಣೆಯಲ್ಲಿ ಇದು 80 ದಾಟಿದವರಿಗಿತ್ತು. 2024ರ ಲೋಕಸಭಾ ಚುನಾವಣೆಗೆ ಮುಂಚೆ ವಯಸ್ಸನ್ನು 85ಕ್ಕೆ ಏರಿಸಲಾಯಿತು. ಶೇಕಡಾ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯವುಳ್ಳವರಿಗೂ ಈ ಸೌಲಭ್ಯವಿದೆ. ಚುನಾವಣಾ ಅಧಿಸೂಚನೆ ಹೊರಟ 5 ದಿನಗಳೊಳಗೆ ನಮೂನೆ 12-ಡಿ ತುಂಬಿಕೊಡಬೇಕು. ಮತಗಟ್ಟೆ ಅಧಿಕಾರಿ ಅದನ್ನು ಮನೆಗೇ ತರುತ್ತಾರೆ. ಅರ್ಜಿ ಒಪ್ಪಿಗೆಯಾದ ಮೇಲೆ ಮತದಾನದ ದಿನ ಮನಸ್ಸು ಬದಲಿಸಿ ಮತಗಟ್ಟೆಗೆ ಹೋದರೆ ಅಲ್ಲಿ ಮತ ಹಾಕಲು ಬರುವುದಿಲ್ಲ.